ತಾಳವಾಡಿಗೂ ಒಂದು ಕ್ರೂಸ್ ಟರ್ಮಿನಲ್ ಬೇಕು

ತಾಳವಾಡಿಗೂ ಒಂದು ಕ್ರೂಸ್ ಟರ್ಮಿನಲ್ ಬೇಕು. ನಿಮ್ಮಲ್ಲಿ ಸಮುದ್ರವೇ ಇಲ್ಲವಲ್ಲ ಎಂದು ಯಾರಾದರೂ ಕೊಂಕು ತೆಗೆಯುವ ಮುಂಚೆ ಉತ್ತರ ಹೇಳಿಬಿಡುತ್ತೇನೆ. ಟರ್ಮಿನಲ್ಲಿಗೆ ಬೇಕಾದ್ದು ಅಡಿಗಲ್ಲು. ಅಡಿಗಲ್ಲಿಗೆ ಬೇಕಾದ್ದು ಮಂತ್ರಿ. ಮಂತ್ರಿಗೆ ಬೇಕಾದ್ದು ಶಾಮಿಯಾನ, ಮೈಕು ಮತ್ತು ಶಾಲು. ಇವೆಲ್ಲ ಬೆಟ್ಟದ ಮೇಲೂ ಬಾಡಿಗೆಗೆ ಸಿಗುತ್ತವೆ. ಹಡಗಿನ ಮಾತು ಬರುವುದು ಕಟ್ಟಡ ಎದ್ದ ಮೇಲೆ. ಸಮುದ್ರ ಇರುವ ಊರುಗಳಲ್ಲೂ ಅದೇ ಕ್ರಮ.

ನಾವಿರುವ ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ತಾಳವಾಡಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಮಾತು ಕನ್ನಡ, ಅರ್ಜಿ ತಮಿಳು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರಿಗೂ ಮಿಕ್ಕಿ ಸಾಗಬೇಕು. ಚಾಮರಾಜನಗರವಾದರೆ ಬೆಳಗ್ಗೆ ಹೋಗಿ ಸಂತೆ ಮಾಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ನಮ್ಮ ಹೊಳೆಯ ನೀರು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ನಮ್ಮ ಎಲೆಕೋಸು ಘಾಟಿ ಇಳಿದು ಕೇರಳದ ಕಡೆಗೆ ಹೋಗುತ್ತದೆ. ಹೀಗಾಗಿ ನಮಗೆ ಎರಡು ಸಮುದ್ರಗಳ ಮೇಲೂ ಸಮಾನ ಹಕ್ಕಿದೆ. ಎರಡೂ ನಮಗೆ ಸಮಾನವಾಗಿ ಸಿಕ್ಕಿಲ್ಲ.

ಹಾಗಾದರೆ ಈ ಆಸೆ ಹುಟ್ಟಿದ್ದು ಎಲ್ಲಿಂದ? ದಿಲ್ಲಿಯಿಂದ. 2024ರ ಸೆಪ್ಟೆಂಬರ್ 30ರಂದು ಬಂದರು ಸಚಿವ ಸರ್ಬಾನಂದ ಸೋನೊವಾಲ್ ಅವರು ಮುಂಬೈಯಲ್ಲಿ ‘ಕ್ರೂಸ್ ಭಾರತ್ ಮಿಷನ್’ಗೆ ಚಾಲನೆ ಕೊಟ್ಟರು. 2029ರ ಮಾರ್ಚ್ ಹೊತ್ತಿಗೆ ದೇಶದಲ್ಲಿ 10 ಸಮುದ್ರ ಕ್ರೂಸ್ ಟರ್ಮಿನಲ್, 100 ನದಿ ಕ್ರೂಸ್ ಟರ್ಮಿನಲ್, 5 ಮರೀನಾಗಳು ಆಗಬೇಕು ಎಂಬುದು ಗುರಿ. ನೂರು ನದಿ ಟರ್ಮಿನಲ್ ಎಂಬುದನ್ನು ಇನ್ನೊಮ್ಮೆ ಓದಿ. ಗಂಗೆ, ಬ್ರಹ್ಮಪುತ್ರ, ಮಾಂಡೋವಿ ಎಲ್ಲ ಎಣಿಸಿ ಮುಗಿದ ಮೇಲೂ ಪಟ್ಟಿಯಲ್ಲಿ ಖಾಲಿ ಸಾಲುಗಳು ಉಳಿಯಲೇಬೇಕು. ತೊಂಬತ್ತೆಂಟನೆಯ ಸಾಲಿಗೆ ನಮ್ಮ ಚಿಕ್ಕಹೊಳೆ ಸಿದ್ಧವಿದೆ. ಬೇಸಿಗೆಯಲ್ಲಿ ಹಡಗು ತಳ ಊರಿದರೆ ಲಂಗರಿನ ಖರ್ಚೂ ಉಳಿಯುತ್ತದೆ.

ಇನ್ನು ಸಮುದ್ರದವರ ಲೆಕ್ಕ ನೋಡೋಣ. ಅದೇ ಮಿಷನ್ ಪ್ರಕಾರ 2029ಕ್ಕೆ ದೇಶದ ಸಮುದ್ರ ಕ್ರೂಸ್ ಪ್ರಯಾಣಿಕರು 10 ಲಕ್ಷ ಆಗಬೇಕು. ಮುಂಬೈಯವರು 2018ರ ಜನವರಿಯಲ್ಲಿ ಅಡಿಗಲ್ಲು ಹಾಕಿ 2025ರ ಸೆಪ್ಟೆಂಬರಿನಲ್ಲಿ ಪ್ರಧಾನಿಯಿಂದ ಉದ್ಘಾಟನೆ ಮಾಡಿಸಿಕೊಂಡ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಇದೆಯಲ್ಲ, ಅದೊಂದರ ಸಾಮರ್ಥ್ಯವೇ ವರ್ಷಕ್ಕೆ 10 ಲಕ್ಷ ಪ್ರಯಾಣಿಕರು. ಏಕಕಾಲಕ್ಕೆ ಐದು ಹಡಗು ನಿಲ್ಲಿಸಬಹುದಂತೆ. ಅಂದರೆ ಇಡೀ ದೇಶದ ಐದು ವರ್ಷದ ಕನಸು ಬಲ್ಲಾರ್ಡ್ ಪಿಯರ್‌ನ ಒಂದು ಕಟ್ಟಡದೊಳಗೆ ಹಿಡಿಸುತ್ತದೆ. ಉಳಿದ ಒಂಬತ್ತು ಟರ್ಮಿನಲ್‌ಗಳು ಯಾರಿಗೆ? ಈ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಕೇಳದೆ ಇರುವುದರಿಂದಲೇ ಹತ್ತನೆಯದನ್ನು ತಾಳವಾಡಿಗೆ ಕೊಡಿ ಎನ್ನುವ ಧೈರ್ಯ ನಮಗೆ ಬಂದದ್ದು.

ಅರಬ್ಬಿ ಸಮುದ್ರ ಇರುವುದು ಒಂದೇ. ಅದರ ದಡದಲ್ಲಿ ಸಾಲಾಗಿ ಮುಂಬೈ, ಗೋವಾದ ಮುರಗಾಂವ್, ಪಣಂಬೂರಿನ ನವ ಮಂಗಳೂರು, ಕೊಚ್ಚಿ. ಅತ್ತ ಪೂರ್ವಕ್ಕೆ ಚೆನ್ನೈ, 2023ರಲ್ಲಿ ಹೊಸ ಟರ್ಮಿನಲ್ ತೆರೆದ ವಿಶಾಖಪಟ್ಟಣ. ದೇಶ ದಾಟಿದರೆ ಕೊಲಂಬೊ, ಮಾಲೆ, ದುಬೈ. ಕೊಚ್ಚಿಯವರಿಗೆ ಆಗಲೇ ಒಂದು ಟರ್ಮಿನಲ್ ಇತ್ತು; ಸಾಲದೆಂದು 25 ಕೋಟಿಗೂ ಮಿಕ್ಕಿ ಖರ್ಚು ಮಾಡಿ ‘ಸಾಗರಿಕಾ’ ಕಟ್ಟಿ 2021ರ ಫೆಬ್ರವರಿ 14ರಂದು ಉದ್ಘಾಟಿಸಿದರು. ಅದು ಕೋವಿಡ್ ಕಾಲ. ಪ್ರಪಂಚದ ಕ್ರೂಸ್ ಹಡಗುಗಳು ಬಹುಪಾಲು ಲಂಗರು ಹಾಕಿ ನಿಂತಿದ್ದವು. ಪ್ರೇಮಿಗಳ ದಿನದಂದು ಬಾಗಿಲು ತೆರೆದು ಕಾದರೂ ಬರಬೇಕಾದವರು ಬರಲಿಲ್ಲ. ಮಂಗಳೂರಿಗೆ ಕೋವಿಡ್ ನಂತರದ ಮೊದಲ ಹಡಗು, ಎಂ.ಎಸ್. ಯುರೋಪಾ 2, ಬಂದದ್ದು 2022ರ ನವೆಂಬರ್ ಕೊನೆಗೆ. ಹಡಗಿನ ಸೀಸನ್ನೇ ನವೆಂಬರಿನಿಂದ ಏಪ್ರಿಲ್-ಮೇ ತನಕ. ಮಳೆಗಾಲ ಬಂತೆಂದರೆ ಟರ್ಮಿನಲ್‌ಗಳಲ್ಲಿ ಫ್ಯಾನು ಮಾತ್ರ ತಿರುಗುತ್ತದೆ. ನಡುವೆ ಕೆಂಪು ಸಮುದ್ರದಲ್ಲಿ ಕ್ಷಿಪಣಿ ಹಾರಾಡತೊಡಗಿದ ಮೇಲೆ ಯುರೋಪಿನಿಂದ ಸೂಯೆಜ್ ದಾಟಿ ಬರಬೇಕಾದ ಎಷ್ಟೋ ಹಡಗುಗಳು ದಾರಿಯನ್ನೇ ಬದಲಿಸಿಕೊಂಡವು. ಯೆಮನ್‌ನಲ್ಲಿ ಯಾರೋ ಗುಂಡಿ ಒತ್ತಿದರೆ ಪಣಂಬೂರಿನ ಟ್ಯಾಕ್ಸಿಯವನ ಬಾಡಿಗೆ ತಪ್ಪುತ್ತದೆ. ಇದಕ್ಕೆ ಜಾಗತೀಕರಣ ಎನ್ನುತ್ತಾರೆ.

ಹಡಗು ಬಂದ ದಿನ ಏನಾಗುತ್ತದೆ ಎಂಬುದನ್ನು ಪಣಂಬೂರಿನಲ್ಲೇ ನೋಡಬೇಕು. ಒಂದು ಕಡೆ ಕಲ್ಲಿದ್ದಲು, ಇನ್ನೊಂದು ಕಡೆ ಎಂ.ಆರ್.ಪಿ.ಎಲ್.ಗೆ ಬರುವ ಕಚ್ಚಾತೈಲ, ಮತ್ತೊಂದು ಕಡೆ ಅಡುಗೆ ಅನಿಲ. ಬಂದರಿಗೆ ವರ್ಷವಿಡೀ ಅನ್ನ ಹಾಕುವವು ಈ ಮೂರು. ಅವಕ್ಕೆ ಯಾರೂ ಚೆಂಡೆ ಬಾರಿಸುವುದಿಲ್ಲ. ಕ್ರೂಸ್ ಹಡಗು ಕಟ್ಟಿದ ಬೆಳಗ್ಗೆ ಮಾತ್ರ ಚೆಂಡೆ, ಮದ್ದಳೆ, ಹಣೆಗೆ ಕುಂಕುಮ. ಕಿರೀಟ ಕಟ್ಟಿದ ಯಕ್ಷಗಾನ ವೇಷ ಸೆಲ್ಫಿಗೆ ನಿಂತಿರುತ್ತದೆ. ರಾತ್ರಿಯಿಡೀ ಕುಣಿದರೂ ದಣಿಯದ ವೇಷಕ್ಕೆ ಇಲ್ಲಿ ಅಲ್ಲಾಡದೆ ನಿಲ್ಲುವುದೇ ಕಷ್ಟ. ಕಡಲ ಸೆಕೆಗೆ ಕಪೋಲದ ಬಣ್ಣ ಕರಗಿ ಗಡ್ಡದವರೆಗೆ ಗೆರೆ ಇಳಿದಿರುತ್ತದೆ. ಹಡಗಿನಿಂದಿಳಿದ ಅಜ್ಜ-ಅಜ್ಜಿಯರ ಅಂಗಿಗೆ ಬಸ್ಸಿನ ನಂಬರಿನ ಚೀಟಿ ಅಂಟಿಸಿರುತ್ತಾರೆ. ಏಳನೇ ನಂಬರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಎಂಟು ಕಾರ್ಕಳದ ಗೊಮ್ಮಟನಿಗೆ, ಒಂಬತ್ತು ಕುದ್ರೋಳಿಗೂ ಅಲೋಶಿಯಸ್ ಚಾಪೆಲ್ಲಿಗೂ, ನಡುವೆ ಒಂದು ಗೇರುಬೀಜದ ಫ್ಯಾಕ್ಟರಿ. ಬಾಹುಬಲಿ ರಾಜ್ಯ ಬಿಟ್ಟು ನಿಂತು ಎಷ್ಟು ಕಾಲವಾಯಿತೋ, ಅವನ ಮುಂದೆ ಪ್ರವಾಸಿಗರಿಗೆ ಸಿಗುವುದು ಇಪ್ಪತ್ತು ನಿಮಿಷ. ಸಂಜೆಯ ಹೊತ್ತಿಗೆ ಎಲ್ಲರೂ ಮತ್ತೆ ಹಡಗಿನಲ್ಲಿ. ರಾತ್ರಿಯೂಟ ಅಲ್ಲೇ, ಅದಕ್ಕೆ ದುಡ್ಡು ಮೊದಲೇ ಕಟ್ಟಿಯಾಗಿದೆ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂಬುದು ನಮ್ಮ ಗಾದೆ. ಕ್ರೂಸ್ ಉದ್ಯಮ ಅದನ್ನು ತಿರುಗಿಸಿ ಹಾಕಿದೆ: ನೀರಿಗೆ ಬಂದವಳು ಊರಿಗೆ ಬರಲೇಬೇಕೆಂದೇನಿಲ್ಲ. ಹಡಗಿನಲ್ಲೇ ಈಜುಕೊಳ, ನಾಟಕಶಾಲೆ, ಅಂಗಡಿ ಸಾಲು, ಕ್ಯಾಸಿನೊ. ಮುಂಬೈಯಿಂದ ಹೊರಟು ಎಲ್ಲೂ ನಿಲ್ಲದೆ ನಡುಗಡಲಲ್ಲಿ ಸುತ್ತಿ ಮುಂಬೈಗೇ ವಾಪಸಾಗುವ ಎರಡು ರಾತ್ರಿಯ ಪ್ಯಾಕೇಜುಗಳೂ ಮಾರಾಟವಾಗುತ್ತವೆ. ಬಂದರೇ ಇಲ್ಲದ ಪ್ರವಾಸ. ಅದಕ್ಕೂ ಗಿರಾಕಿ ಇದ್ದಾರೆ ಎಂದ ಮೇಲೆ ಸಮುದ್ರವೇ ಇಲ್ಲದ ಬಂದರಿಗೆ ಏಕೆ ಇರಬಾರದು? ನಮ್ಮ ಅರ್ಜಿಯ ಮೂರನೇ ಕಲಮು ಇದೇ.

ಈಗ ದರದ ವಿಚಾರ. ಹಡಗುಗಳನ್ನು ಸೆಳೆಯಲು 2020ರ ಆಗಸ್ಟ್ 14ರಿಂದ ಕೇಂದ್ರ ಸರ್ಕಾರ ಕ್ರೂಸ್ ಹಡಗುಗಳ ಬಂದರು ಶುಲ್ಕವನ್ನು ಶೇಕಡ 60ರಿಂದ 70ರಷ್ಟು ಇಳಿಸಿತು. ಆಗ ಗೊತ್ತುಮಾಡಿದ ದರ ಮೊದಲ 12 ಗಂಟೆಗೆ ಹಡಗಿನ ಪ್ರತಿ ಗ್ರಾಸ್ ಟನ್ನಿಗೆ 0.085 ಡಾಲರ್, ಪ್ರಯಾಣಿಕರ ತಲೆಗೆ 5 ಡಾಲರ್. ವರ್ಷದಲ್ಲಿ ಹೆಚ್ಚು ಸಲ ಬಂದರೆ ಅದರ ಮೇಲೂ ಶೇಕಡ 10ರಿಂದ 30ರವರೆಗೆ ರಿಯಾಯಿತಿ. ಲಕ್ಷ ಟನ್ನಿನ ತೇಲುವ ಅರಮನೆಯೊಂದು ಹಗಲಿಡೀ ಬಂದರಿನಲ್ಲಿ ನಿಂತರೆ ಟನ್ನಿನ ಲೆಕ್ಕದಲ್ಲಿ ಕೊಡಬೇಕಾದ್ದು 8,500 ಡಾಲರ್. ಆ ಹಡಗಿನ ಮೇಲ್ಮಹಡಿಯ ಒಂದೆರಡು ಒಳ್ಳೆಯ ಕೋಣೆಗಳ ಬಾಡಿಗೆಯಲ್ಲಿ ಈ ಬಾಬತ್ತು ತೀರಿಹೋಗುತ್ತದೆ.

ತಮಾಷೆ ಎಂದರೆ ಈ ಕಡಿತ ಎಲ್ಲ ಪ್ರಮುಖ ಬಂದರುಗಳಿಗೂ ಒಂದೇ. ಮುಂಬೈಯೂ ಅಗ್ಗ, ಮಂಗಳೂರೂ ಅಗ್ಗ, ಕೊಚ್ಚಿಯೂ ಅಗ್ಗ. ಒಬ್ಬರ ಮುಂದೆ ಒಬ್ಬರಿಗೆ ಕೂದಲೆಳೆಯಷ್ಟೂ ಲಾಭವಾಗಲಿಲ್ಲ, ಲಾಭವಾದದ್ದು ಹಡಗಿಗೆ. ದರದಲ್ಲಿ ಪೈಪೋಟಿ ಇಲ್ಲವಾದ ಮೇಲೆ ಉಳಿದದ್ದು ಉಪಚಾರದ ಪೈಪೋಟಿ. ಆ ಬಂದರಿನಲ್ಲಿ ಲೌಂಜ್ ಇದೆಯೇ? ನಮ್ಮಲ್ಲಿ ಲೌಂಜಿನ ಜೊತೆಗೆ ಧ್ಯಾನ ಕೇಂದ್ರ. ಅಲ್ಲಿ ಕಥಕ್ಕಳಿಯೇ? ಇಲ್ಲಿ ಯಕ್ಷಗಾನ. ಅಲ್ಲಿ ಎಳನೀರೇ? ಇಲ್ಲಿ ಎಳನೀರು ಮತ್ತು ಗೇರುಬೀಜ. ಎರಡು ರಾಜ್ಯಗಳ ಎಳನೀರಿನ ರುಚಿಯಲ್ಲಿ ವ್ಯತ್ಯಾಸ ಗುರುತಿಸಬಲ್ಲ ಜರ್ಮನ್ ಪ್ರವಾಸಿ ಇನ್ನೂ ಹುಟ್ಟಬೇಕಷ್ಟೆ.

ಸುಂಕ ವಸೂಲಿ ಮಾಡುವುದು ಹೇಗೆ ಎಂದು ತಿಳಿಯಬೇಕಾದರೆ ಬಂದರಿನ ಅಧಿಕಾರಿಗಳು ನಮ್ಮ ಕಡೆಗೆ ಬರಬೇಕು. ಹಾಸನೂರಿನ ಹತ್ತಿರ ಕಾರಪಳ್ಳಂ ಚೆಕ್‌ಪೋಸ್ಟ್ ಇದೆ. ತಾಳವಾಡಿ, ಚಾಮರಾಜನಗರದ ಕಡೆಯ ಕಬ್ಬು ತುಂಬಿದ ಲಾರಿಗಳು ಸತ್ಯಮಂಗಲದ ಕಡೆಯ ಸಕ್ಕರೆ ಕಾರ್ಖಾನೆಗೆ ಇಳಿಯುವುದು ಈ ದಾರಿಯಲ್ಲೇ. ಆನೆ ರಸ್ತೆಯ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಹಾರನ್ ಮಾಡಿದರೆ ಕಿವಿ ಬೀಸುತ್ತದೆಯೇ ಹೊರತು ಕಾಲು ಕೀಳುವುದಿಲ್ಲ. ಲಾರಿಯ ಮೇಲಿದ್ದವನು ಒಂದಷ್ಟು ಜಲ್ಲೆ ಎಳೆದು ಕೆಳಗೆ ಎಸೆಯುತ್ತಾನೆ. ಅದು ಸೊಂಡಿಲಲ್ಲಿ ಎತ್ತಿಕೊಂಡು, ಮಣ್ಣು ಕೊಡವಿ, ಬದಿಗೆ ಸರಿಯುತ್ತದೆ. ಹಾಗೆ ಎಸೆಯಬೇಡಿ, ದಂಡ ಹಾಕುತ್ತೇವೆ ಎಂದು ಅರಣ್ಯ ಇಲಾಖೆ ಎಚ್ಚರಿಸಿದೆ. ಆನೆ ಇನ್ನೂ ಆ ಸುತ್ತೋಲೆ ಓದಿಲ್ಲ. ಪಕ್ಕದ ಆನೆ ಒಂದು ಕಟ್ಟು ಕೇಳಿತು, ನಾನು ಅರ್ಧ ಕಟ್ಟಿಗೇ ಬಿಡುತ್ತೇನೆ ಎಂದು ಇವತ್ತಿನವರೆಗೆ ಯಾವ ಆನೆಯೂ ಟೆಂಡರ್ ಹಾಕಿದ್ದಿಲ್ಲ. ವರ್ಷಕ್ಕೆ ನೂರು ಟ್ರಿಪ್ ಮಾಡುವ ಲಾರಿಗೆ ಶೇಕಡ 30 ರಿಯಾಯಿತಿಯೂ ಇಲ್ಲ. ಕಬ್ಬಿನ ಲಾರಿಗೆ ಬೇರೆ ದಾರಿ ಇಲ್ಲ ಎಂಬುದು ಆನೆಗೆ ಗೊತ್ತು. ಹಡಗಿಗೆ ಬೇರೆ ಬಂದರು ಇದೆ ಎಂಬುದು ಬಂದರಿಗೆ ಗೊತ್ತು. ವ್ಯತ್ಯಾಸ ಇಷ್ಟೇ.

ಸುಂಕ ಇಳಿಸಿ ಹಡಗು ಕರೆಯುವ ಈ ಆಟ ನಮ್ಮವರು ಕಂಡುಹಿಡಿದದ್ದಲ್ಲ. ಕೆರಿಬಿಯನ್ ಸಮುದ್ರದ ದ್ವೀಪಗಳು ದಶಕಗಳಿಂದ ಆಡುತ್ತ ಬಂದಿವೆ. ಎಲ್ಲರೂ ಸೇರಿ ತಲೆಗೆ ಇಷ್ಟು ಎಂದು ಒಂದೇ ಸುಂಕ ಹಾಕೋಣ ಎಂದು 1990ರ ದಶಕದಲ್ಲಿ ಅವರು ಮಾತಾಡಿಕೊಂಡರು. ಹಾಗೆ ಮಾಡಿದರೆ ನಿಮ್ಮ ದ್ವೀಪ ಬಿಟ್ಟು ಪಕ್ಕದ ದ್ವೀಪಕ್ಕೆ ಹೋಗುತ್ತೇವೆ ಎಂದು ಹಡಗು ಕಂಪನಿಗಳು ಹೇಳಿದವು. ಪಕ್ಕದ ದ್ವೀಪದವನು ನಕ್ಕ. ಅಲ್ಲಿಗೆ ಒಗ್ಗಟ್ಟು ಮುಗಿಯಿತು. ಆಮೇಲೆ ಕಂಪನಿಗಳಿಗೆ ಊರುಗಳ ಸಹವಾಸವೇ ಬೇಡವೆನಿಸಿ ತಮ್ಮದೇ ದ್ವೀಪ, ತಮ್ಮದೇ ಕಡಲತೀರ ಮಾಡಿಕೊಳ್ಳತೊಡಗಿದವು. ಹೈಟಿಯ ಲಬಾಡಿ ಎಂಬ ತೀರವನ್ನು ರಾಯಲ್ ಕೆರಿಬಿಯನ್ ಕಂಪನಿ 1980ರ ದಶಕದಿಂದ ಗುತ್ತಿಗೆಗೆ ಹಿಡಿದು ಬೇಲಿ ಹಾಕಿಕೊಂಡಿದೆ. ಬಹಾಮಾಸ್‌ನ ಕೊಕೊಕೇ ದ್ವೀಪವನ್ನು 2019ರಲ್ಲಿ ಅದೇ ಕಂಪನಿ ಜಾರುಬಂಡೆಗಳ ಊರಾಗಿ ಮಾಡಿತು. 2025ರ ಜುಲೈಯಲ್ಲಿ ಕಾರ್ನಿವಲ್ ಕಂಪನಿ ಗ್ರ್ಯಾಂಡ್ ಬಹಾಮಾದಲ್ಲಿ ತನ್ನದೊಂದನ್ನು ತೆರೆಯಿತು. ಹಡಗೂ ಅವರದೇ, ದಡವೂ ಅವರದೇ, ದಡದ ಮೇಲೆ ಮಾರುವ ಎಳನೀರೂ ಅವರದೇ. ನೂರಾರು ವರ್ಷದ ಹಳೆಯ ಬಂದರು ಪಟ್ಟಣ ಈಗ ಪೈಪೋಟಿ ಮಾಡಬೇಕಾಗಿರುವುದು ಒಂದು ಪ್ಲಾಸ್ಟಿಕ್ ಜಾರುಬಂಡೆಯ ಜೊತೆ.

ಇನ್ನೊಂದು ಕಡೆ, ಹಡಗು ಕಂಡು ಕಂಡು ಸುಸ್ತಾದ ಊರುಗಳಿವೆ. 25,000 ಟನ್ನಿಗಿಂತ ದೊಡ್ಡ ಹಡಗುಗಳು ವೆನಿಸ್‌ನ ನಡುಮನೆಯಂತಿದ್ದ ಜುದೆಕ್ಕಾ ಕಾಲುವೆಗೆ ಬರಕೂಡದು ಎಂದು 2021ರ ಆಗಸ್ಟ್ 1ರಿಂದ ಇಟಲಿ ನಿಷೇಧ ಹಾಕಿತು. ಬಾರ್ಸಿಲೋನಾದವರು ತಮ್ಮ 7 ಕ್ರೂಸ್ ಟರ್ಮಿನಲ್‌ಗಳನ್ನು 2030ರ ಹೊತ್ತಿಗೆ 5ಕ್ಕೆ ಇಳಿಸುವ ಒಪ್ಪಂದ ಮಾಡಿಕೊಂಡರು. ಉಂಡವರು ಎದ್ದು ಕೈತೊಳೆಯುವ ಹೊತ್ತಿಗೆ ನಾವು ಎಲೆ ಹಾಕಿಕೊಂಡು ಕೂತಿದ್ದೇವೆ. ನಮ್ಮಲ್ಲೂ ಬೇಡ ಎಂದವರು ಇಲ್ಲದಿಲ್ಲ. 2022ರ ಜೂನ್‌ನಲ್ಲಿ ಚೆನ್ನೈಯಿಂದ ಹೊರಟ ಕಾರ್ಡೇಲಿಯಾ ಹಡಗಿಗೆ, ಒಳಗೆ ಕ್ಯಾಸಿನೊ ಇದೆ ಎಂಬ ತಕರಾರಿನಲ್ಲಿ ಪುದುಚೇರಿ ಸರ್ಕಾರ ಅನುಮತಿ ಕೊಡಲಿಲ್ಲ. ಹಡಗು ಕಡಲಿನಿಂದಲೇ ತಿರುಗಿಹೋಯಿತು. ಸಾರಾಯಿ ಅಗ್ಗ ಎಂಬ ಒಂದೇ ಕಾರಣಕ್ಕೆ ಪ್ರವಾಸಿಗರು ಬರುವ ಊರಿನಲ್ಲಿ ನೀತಿ ಅಷ್ಟು ಗಟ್ಟಿಯಾಗಿತ್ತು. 2025ರ ಜುಲೈಯಲ್ಲಿ ಅದೇ ಕಂಪನಿಯ ಹಡಗು ಪುದುಚೇರಿಗೆ ಬಂದು ನಿಂತಿತು. ಮೂರು ವರ್ಷದಲ್ಲಿ ನೀತಿ ಎಷ್ಟು ಮೃದುವಾಗುತ್ತದೆ ನೋಡಿ.

ಬಂದರುಗಳ ಪೈಪೋಟಿಯಲ್ಲಿ ಕಣ್ಣಿಗೆ ಬೀಳದ ಒಂದು ಜಾತಿಭೇದವಿದೆ. ಹೋಮ್‌ಪೋರ್ಟ್ ಬೇರೆ, ಬಂದು ಹೋಗುವ ಬಂದರು ಬೇರೆ. ಪ್ರವಾಸ ಶುರುವಾಗಿ ಮುಗಿಯುವ ಬಂದರು ಹೋಮ್‌ಪೋರ್ಟ್. ಜನ ವಿಮಾನದಲ್ಲಿ ಬಂದು ಒಂದು ರಾತ್ರಿ ಹೋಟೆಲಿನಲ್ಲಿ ತಂಗುವುದು ಅಲ್ಲಿ. ಹಡಗಿಗೆ ಅಕ್ಕಿ, ಬೇಳೆ, ಹಾಲು, ಮೊಟ್ಟೆ, ತರಕಾರಿ ಏರುವುದು ಅಲ್ಲಿ. ಎಣ್ಣೆ ತುಂಬುವುದು, ಬಟ್ಟೆ ಒಗೆಸುವುದು, ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದೂ ಬಹುಮಟ್ಟಿಗೆ ಅಲ್ಲೇ. ಬಂದು ಹೋಗುವ ಬಂದರಿಗೆ ಸಿಗುವುದು ಬಸ್ ಬಾಡಿಗೆ, ಮೂರು ಡಜನ್ ಕೀ-ಚೈನ್ ವ್ಯಾಪಾರ, ಮತ್ತು ಮರುದಿನದ ಪತ್ರಿಕೆಯ ಮುಖಪುಟದಲ್ಲಿ ವಿದೇಶಿ ಅಜ್ಜಿ ಯಕ್ಷಗಾನದ ಕಿರೀಟ ಮುಟ್ಟುವ ಫೋಟೋ. ಊರು ನೋಡುವ ಬಸ್ಸಿನ ಟಿಕೆಟ್ಟೂ ಹೆಚ್ಚಾಗಿ ಹಡಗಿನೊಳಗೇ ಡಾಲರಿನಲ್ಲಿ ಮಾರಾಟವಾಗಿರುತ್ತದೆ. ಊರಿನ ಬಸ್ಸಿನವನಿಗೆ ಬರುವುದು ಅದರ ಚೂರು.

ತಾಳವಾಡಿಯ ನಿಜವಾದ ಸ್ವಾರ್ಥ ಇರುವುದು ಇಲ್ಲಿ. ನಾವು ಬೆಳೆಯುವುದು ಎಲೆಕೋಸು, ಬೀಟ್‌ರೂಟ್, ಬೆಳ್ಳುಳ್ಳಿ, ಆಲೂಗಡ್ಡೆ, ಟೊಮೆಟೊ. ಬೆಲೆ ಬಿದ್ದ ವರ್ಷ ಕೋಸನ್ನು ಹೊಲದಲ್ಲೇ ಬಿಟ್ಟು ದನ ಮೇಯಿಸುತ್ತೇವೆ. ಎರಡು-ಮೂರು ಸಾವಿರ ಜನ ದಿನಕ್ಕೆ ಮೂರು ಹೊತ್ತು ಬೇಕೆಂದಷ್ಟು ತಿನ್ನುವ ತೇಲುವ ಛತ್ರವೊಂದು ನಮ್ಮ ಬೆಟ್ಟದ ಕೆಳಗೆ, ಒಂದು ರಾತ್ರಿಯ ಲಾರಿ ದೂರದಲ್ಲಿ ತಂಗುತ್ತದೆ ಎಂದರೆ ರೈತನಿಗೆ ಆಸೆ ಆಗದಿರುತ್ತದೆಯೇ? ಆದರೆ ಕೊಚ್ಚಿಯೋ ಮಂಗಳೂರೋ ಹೋಮ್‌ಪೋರ್ಟ್ ಆದರೆ ಮಾತ್ರ ಹಡಗಿನ ಅಡುಗೆಮನೆಗೆ ಈ ಸೀಮೆಯ ತರಕಾರಿ ಹೋಗಬಹುದು. ಎಂಟು ಗಂಟೆ ನಿಂತು ಹೋಗುವ ಹಡಗು ತನ್ನ ಕೋಸನ್ನು ದುಬೈಯಲ್ಲೋ ಸಿಂಗಪುರದಲ್ಲೋ ತುಂಬಿಕೊಂಡೇ ಬಂದಿರುತ್ತದೆ. ಅದಕ್ಕೆ ನಾವು ಕುಂಕುಮ ಇಟ್ಟು ಕಳಿಸುತ್ತೇವೆ.

ನಮ್ಮವರೇ ಹಡಗು ನಡೆಸಲು ಪ್ರಯತ್ನಪಟ್ಟದ್ದೂ ಉಂಟು. 2019ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ‘ಕರ್ಣಿಕಾ’ ಎಂಬ ಹಡಗು ಭರ್ಜರಿಯಾಗಿ ನೀರಿಗಿಳಿಯಿತು. ಜಲೇಶ್ ಕ್ರೂಸಸ್ ಎಂಬ ಭಾರತೀಯ ಕಂಪನಿಯದು. 1990ರಲ್ಲಿ ಕಟ್ಟಿದ, ಐದು ಹೆಸರು ಬದಲಿಸಿಕೊಂಡು ಬಂದ ಹಳೆಯ ಹಡಗು. ಕೋವಿಡ್ ಬಂತು, 2020ರ ಅಕ್ಟೋಬರಿನಲ್ಲಿ ಕಂಪನಿ ಬಾಗಿಲು ಹಾಕಿತು, ಆ ವರ್ಷ ಮುಗಿಯುವುದರೊಳಗೆ ಕರ್ಣಿಕಾ ಗುಜರಾತಿನ ಅಲಂಗ್ ತೀರದ ಕೆಸರಿನಲ್ಲಿ ಗುಜರಿಯಾಗಿ ಮಲಗಿತ್ತು. ಒಂದು ಕಾಲದಲ್ಲಿ ಪ್ರಪಂಚದ ಅತಿ ಉದ್ದದ ಪ್ರಯಾಣಿಕ ಹಡಗಾಗಿದ್ದ ‘ಫ್ರಾನ್ಸ್’ ಕೂಡ ಹೆಸರು ಬದಲಿಸಿಕೊಂಡು 2006ರಲ್ಲಿ ಬಂದು ಸೇರಿದ್ದು ಅಲಂಗ್‌ಗೇ. ಪಕ್ಷಪಾತವಿಲ್ಲದೆ ಹೇಳುವುದಾದರೆ ಅರಬ್ಬಿ ಸಮುದ್ರದ ಅತ್ಯಂತ ಯಶಸ್ವಿ ಕ್ರೂಸ್ ಬಂದರು ಅಲಂಗ್. ಲೌಂಜಿಲ್ಲ, ಚೆಂಡೆಯಿಲ್ಲ, ರಿಯಾಯಿತಿಯಿಲ್ಲ. ಆದರೂ ಅಲ್ಲಿಗೆ ಬಂದ ಹಡಗು ಮತ್ತೊಂದು ಬಂದರಿಗೆ ಹೋದ ಉದಾಹರಣೆ ಕಡಿಮೆ.

ಸರಿ, ನಮ್ಮ ಅರ್ಜಿಗೆ ಮರಳೋಣ. ಹಡಗಿನಿಂದ ಇಳಿದವರಿಗೆ ತಾಳವಾಡಿಯಲ್ಲಿ ತೋರಿಸುವುದಕ್ಕೆ ಏನಿದೆ ಎಂದು ತಜ್ಞರು ಕೇಳುತ್ತಾರೆ. ದೊಡ್ಡಗಾಜನೂರಿನಲ್ಲಿ ಡಾ. ರಾಜ್‌ಕುಮಾರ್ ಅವರ ಮನೆ ಇದೆ. 2000ದ ಜುಲೈ 30ರ ರಾತ್ರಿ ಅವರನ್ನು ಇಲ್ಲಿಂದಲೇ ಕಾಡಿಗೆ ಕರೆದೊಯ್ದವನು ಕಾಡುಗಳ್ಳ ವೀರಪ್ಪನ್. ಆಮೇಲಿನ 108 ದಿನ ಎರಡು ರಾಜ್ಯಗಳ ಮುಖ್ಯಮಂತ್ರಿಗಳಿಗೂ ತಾಳವಾಡಿ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ನೂರೊಂಬತ್ತನೆಯ ದಿನದಿಂದ ಮರೆತುಹೋಗಿದೆ. ಗುಮಟಾಪುರದ ಬೀರೇಶ್ವರನ ಗೊರೆ ಹಬ್ಬವಿದೆ. ದೀಪಾವಳಿಯ ಕೊನೆಗೆ ಊರಿನ ಸಗಣಿಯನ್ನೆಲ್ಲ ಗುಡ್ಡೆ ಹಾಕಿ ಗಂಡಸರು ಒಬ್ಬರಿಗೊಬ್ಬರು ಎರಚಾಡುತ್ತಾರೆ. ಪ್ರಪಂಚದ ಸುದ್ದಿಸಂಸ್ಥೆಗಳ ಕ್ಯಾಮೆರಾಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಯಾರಿಗೂ ಲೌಂಜ್ ಇಲ್ಲ, ನಂಬರಿನ ಚೀಟಿ ಇಲ್ಲ. ಬಿಳಿ ಅಂಗಿಯಲ್ಲಿ ಬಂದವರು ಬಿಳಿ ಅಂಗಿಯಲ್ಲೇ ವಾಪಸಾಗುವ ಖಾತರಿಯೂ ಇಲ್ಲ. ಆ ಹಬ್ಬ ನಡೆಯುವುದು ಊರಿನವರಿಗಾಗಿ. ಅದಕ್ಕೇ ಹೊರಗಿನವರಿಗೂ ನೋಡಬೇಕೆನಿಸುವುದು. ಈ ಮಾತನ್ನು ಪ್ರವಾಸೋದ್ಯಮದ ವಿಚಾರಗೋಷ್ಠಿಗಳಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಇದಕ್ಕೆ ಯೋಜನಾ ವರದಿ ಬರೆಯಲು ಬರುವುದಿಲ್ಲ.

ಒಂದೇ ತೊಡಕು ಸಮಯದ್ದು. ಹುಲಿ ಮೀಸಲು ಅರಣ್ಯದ ಪ್ರಾಣಿಗಳ ಸಲುವಾಗಿ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2022ರ ಫೆಬ್ರವರಿ 10ರಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಊರಿನವರು ಬಂದ್ ಮಾಡಿ ಗದ್ದಲ ಎಬ್ಬಿಸಿದ ಮೇಲೆ ಸ್ಥಳೀಯರಿಗೆ ಸಡಿಲಿಕೆ ಸಿಕ್ಕಿತು. ಪ್ರಾಣಿ ಸಾಯಬಾರದು ಎಂಬುದರಲ್ಲಿ ನಮಗೆ ತಕರಾರಿಲ್ಲ. ಅವಕ್ಕೂ ನಮಗೂ ಹಳೆಯ ಪರಿಚಯ. ಹೊಲಕ್ಕೆ ನುಗ್ಗಿ ಪ್ರಾಣ ತೆಗೆದ ಕರುಪ್ಪನ್ ಎಂಬ ಆನೆಯನ್ನು ಹಲವು ಸಲ ಪ್ರಯತ್ನಿಸಿ 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸಿದ ಮೇಲೂ ಅದರ ನೆಂಟರು ಬರುವುದನ್ನು ಬಿಟ್ಟಿಲ್ಲ. ನಮ್ಮ ಮಾತು ಇಷ್ಟೇ: ಮಾಲ್ದೀವ್ಸ್‌ಗೆ ಹೋಗುವವರಿಗೆ ಹವಾನಿಯಂತ್ರಿತ ಏರೋಬ್ರಿಡ್ಜ್ ಯೋಚಿಸುವ ದೇಶದಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗುವವನು ಗಡಿಯಾರ ನೋಡಿಕೊಂಡು ಮನೆ ಬಿಡಬೇಕು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ರೈಲು ಬರುತ್ತದೆ ಎಂದು ನಮ್ಮ ಅಜ್ಜಂದಿರು ಕೇಳಿದ್ದರು, ನಾವೂ ಕೇಳುತ್ತಿದ್ದೇವೆ. ಕಾಡು ಬಿಡುವುದಿಲ್ಲ, ಬಿಡಲೂಬಾರದು. ಆದ್ದರಿಂದಲೇ ನಾವು ರೈಲು ಬಿಟ್ಟು ಹಡಗು ಕೇಳುತ್ತಿರುವುದು. ಎರಡೂ ಬರುವುದಿಲ್ಲ ಎಂದ ಮೇಲೆ ದೊಡ್ಡದನ್ನೇ ಕೇಳುವುದು ಜಾಣತನ.

ತಮಾಷೆ ಸಾಕು. ಅರಬ್ಬಿ ಸಮುದ್ರದಲ್ಲಿ ಹಡಗು ಇಲ್ಲದೆ ಬದುಕಲಾಗದ ಪ್ರಯಾಣಿಕರು ಇದ್ದಾರೆ. ಅವರು ಲಕ್ಷದ್ವೀಪದವರು. ಅವರಿಗೆ ಕ್ರೂಸ್ ಬೇಡ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಹೋಗಿಬರಲು ಹಡಗು ಬೇಕು. ಕೊಚ್ಚಿಯಿಂದ ಹೋಗುವ ಹಡಗುಗಳು ಹಳತಾಗಿ ಒಂದೊಂದೇ ರಿಪೇರಿಗೆ ನಿಂತು, ದ್ವೀಪದವರು ಟಿಕೆಟ್ಟಿಗಾಗಿ ದಿನಗಟ್ಟಲೆ ಪರದಾಡಿದ್ದಾರೆ. ಅವರ ಸರಕು ಕೇರಳದ ಬೇಪೂರಿಗೆ ಬರಬೇಕೋ ಮಂಗಳೂರಿಗೆ ಬರಬೇಕೋ ಎಂದು 2021ರಲ್ಲಿ ದೊಡ್ಡ ರಾಜಕೀಯವೇ ನಡೆಯಿತು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ದೋಣಿ ದ್ವೀಪದ ಜನರನ್ನು ಕರೆದುಕೊಂಡು ಏಳು ಗಂಟೆಯಲ್ಲಿ ಮಂಗಳೂರಿನ ಹಳೆ ಬಂದರಿಗೆ ಬಂದಾಗ ಎರಡೂ ಕಡೆಯವರು ಖುಷಿಪಟ್ಟರು. ಬಂದರುಗಳು ಪೈಪೋಟಿ ಮಾಡಬೇಕಾದ್ದು ಇಂಥವರಿಗಾಗಿ. ಇವರು ವರ್ಷವಿಡೀ ಬರುತ್ತಾರೆ, ಮಂಗಳೂರಿನ ಅಂಗಡಿಯಲ್ಲೇ ಅಕ್ಕಿ ಬಟ್ಟೆ ಕೊಳ್ಳುತ್ತಾರೆ, ಇಲ್ಲಿನ ಆಸ್ಪತ್ರೆಯಲ್ಲೇ ಮಲಗುತ್ತಾರೆ. ಯೆಮನ್‌ನಲ್ಲಿ ಗುಂಡು ಹಾರಿದರೂ ಅವರು ದಾರಿ ಬದಲಿಸುವುದಿಲ್ಲ.

ಇನ್ನು ವಿದೇಶಿ ಹಡಗು ಬೇಡವೆಂದೇನೂ ಅಲ್ಲ, ಬರಲಿ. ಆದರೆ ಮುಂಬೈ, ಮುರಗಾಂವ್, ಮಂಗಳೂರು, ಕೊಚ್ಚಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಒಂದೇ ಬಂದರು ನೋಡಲು ಯಾವ ಹಡಗೂ ಅಷ್ಟು ದೂರದಿಂದ ಬರುವುದಿಲ್ಲ. ಗೋವಾ ಚೆನ್ನಾಗಿದ್ದರೆ ಮಂಗಳೂರಿಗೂ ಬರುತ್ತದೆ, ಮಂಗಳೂರು ಚೆನ್ನಾಗಿದ್ದರೆ ಕೊಚ್ಚಿಗೂ ಹೋಗುತ್ತದೆ. ಪಕ್ಕದ ಬಂದರು ಇವರ ಶತ್ರುವಲ್ಲ, ಮುಂದಿನ ನಿಲ್ದಾಣ. ನಾಲ್ವರೂ ಕೂತು, ಒಬ್ಬರು ಹೋಮ್‌ಪೋರ್ಟ್ ಆದರೆ ಉಳಿದವರಿಗೆ ಏನು ಪಾಲು, ಹಡಗಿನ ಅಡುಗೆಮನೆಗೆ ಎಷ್ಟು ಪಾಲು ಈ ಕರಾವಳಿಯ ಮತ್ತು ಅದರ ಬೆನ್ನಿಗಿರುವ ಬೆಟ್ಟಗಳ ಬೆಳೆ, ಸುಂಕ ಇದಕ್ಕಿಂತ ಕೆಳಗಿಳಿಸುವುದಿಲ್ಲ ಎಂದು ಮೂರು ಸಾಲು ಬರೆದುಕೊಂಡರೆ ಸಾಕು. ಕೊಲಂಬೊದವರನ್ನೂ ಮಾಲೆಯವರನ್ನೂ ಕರೆದರೆ ಇನ್ನೂ ಒಳ್ಳೆಯದು. ಇಲ್ಲವಾದರೆ ಇವರ ಜಗಳದಲ್ಲಿ ಗೆಲ್ಲುವವನು ಹಡಗಿನ ಮಾಲೀಕ. ಅವನು ಯಾವ ಊರಿನವನೂ ಅಲ್ಲ.

ಓದುಗರೇ, ನಿಮ್ಮ ಊರಿನ ಹತ್ತಿರ ಮುಂದೆಂದಾದರೂ ಕ್ರೂಸ್ ಟರ್ಮಿನಲ್ ಉದ್ಘಾಟನೆ ಆದರೆ ಹೋಗಿ ಬನ್ನಿ, ಎಳನೀರು ಕುಡಿಯಿರಿ. ಆಮೇಲೆ ವೇದಿಕೆಯ ಮೇಲಿದ್ದವರನ್ನು ಎರಡೇ ಪ್ರಶ್ನೆ ಕೇಳಿ. ಈ ಹಡಗು ನಮ್ಮೂರಿನಿಂದ ಏನು ಕೊಳ್ಳುತ್ತದೆ? ಹಡಗು ಬಾರದ ದಿನ ಈ ಕಟ್ಟಡ ಯಾರಿಗೆ ಉಪಯೋಗ? ಎರಡಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ಚಪ್ಪಾಳೆ ತಟ್ಟಿ. ಸಿಗದಿದ್ದರೆ ಆ ಟರ್ಮಿನಲ್ ನಿಮ್ಮೂರಿನಲ್ಲಿದ್ದರೂ ಒಂದೇ, ತಾಳವಾಡಿಯಲ್ಲಿದ್ದರೂ ಒಂದೇ.